ಬಿಡು ಎಂದವರು ಯಾರು

ತಾನು ಅಂದದ್ದು ಒಂದೇ ಮಾತು, ಅದೂ ಮೆಲ್ಲಗೆ. ಅದು ಯಾರಿಗೂ ಕೇಳಿಸದೆ ಹೋಗಿದ್ದರೆ ಸಾಕು ಎಂದು ಶ್ರಾವ್ಯ ತನ್ನೊಳಗೇ ಹೇಳಿಕೊಂಡಳು. ಸಾಮಾನ್ಯವಾಗಿ ಅವಳ ಮಾತು ಕೇಳಿಸುತ್ತಿರಲಿಲ್ಲ. ತಾನು ಓದುತ್ತಿದ್ದ ಡಚ್ ಊರು ಗ್ರೋನಿಂಗನ್‌ನ ಅಂಗಡಿಯಲ್ಲಿ ಬ್ರೆಡ್ ಕೇಳಿದರೂ ಇನ್ನೊಮ್ಮೆ ಹೇಳಬೇಕಾಗುತ್ತಿತ್ತು. ಆ ದಿನವೂ ಹಾಗೆಯೇ ಆಗಿರಲಿ ಎಂದು ಅವಳು ಆಸೆಪಟ್ಟಳು.

ನ್ಯೂವೆಗೈನ್ ಠಾಣೆಗೆ ದೂರು ಬಂದದ್ದು ಜನವರಿ 20ರ ಸೋಮವಾರ, ಬೆಳಿಗ್ಗೆ 9.40ಕ್ಕೆ. ದೂರುದಾರರು ಕಾಪೆಲ್ಲೆ ಊರಿನಲ್ಲಿ ಎಂಜಿನಿಯರ್ ಆಗಿರುವ ಬಸವಲಿಂಗಪ್ಪ. ಕನ್ನಡ ಬರುವ ಅಧಿಕಾರಿ ಎಂಬ ಕಾರಣಕ್ಕೆ ಅವರನ್ನು ಇನ್ಸ್‌ಪೆಕ್ಟರ್ ಶಶಿಕಾಂತರ ಮುಂದೆ ಕೂರಿಸಲಾಯಿತು. ಶಶಿಕಾಂತ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಬಾಗಲಕೋಟೆಯ ತಾಯಿಯ ಅಡುಗೆಮನೆಯಲ್ಲಿ ಕಲಿತ ಕನ್ನಡವಷ್ಟೇ ಅವರದು.

"ಸ್ನೋ ಹಾಲ್‌ನವ್ರು ಆಕ್ಸಿಡೆಂಟ್ ಅಂತ ಬರದಾರ್ರೀ. ನನ್ನ ಅಳಿಯ ಕೌಶಲ್ ಕೆಳಗ ನಿಂತಿದ್ದ. ಮ್ಯಾಲಿಂದ ಸ್ನೋಬೋರ್ಡ್, ಆ ಹಿಮದಾಗ ಜಾರೂ ಹಲಗಿ, ಖಾಲಿನ ಬಂದು ತಲಿಗೆ ಬಡೀತು. ಖಾಲಿ ಬೋರ್ಡ್ ಹೆಂಗ ಬರತೈತಿ?"

"ಯಾರ ಮ್ಯಾಲ ಸಂಶಯ?"

"ಅದು ನಿಮ್ಮ ಕೆಲಸ. ಅವನ ತಾಯಿ ನಮ್ಮಕ್ಕ. ಆಕಿಗೆ ಏನ್ ಹೇಳ್ಲಿ, ಅಷ್ಟ ಹೇಳ್ರಿ ನನಗ."

ಶಶಿಕಾಂತ ದೂರು ಬರೆದುಕೊಂಡರು. ಊರಿನಲ್ಲಾಗಿದ್ದರೆ ಅದು ಎಫ್‌ಐಆರ್, ಇಲ್ಲಿ ಆಂಗಿಫ್ಟೆ.

ಸಂಗತಿ ಇಷ್ಟು. ಮುಂದಿನ ತಿಂಗಳು ಆಸ್ಟ್ರಿಯಾದ ದೊಡ್ಡ ಸ್ಕೀ ರೆಸಾರ್ಟಿಗೆ ಹೋಗಲು ಗ್ರೋನಿಂಗನ್‌ನ ನಾಲ್ವರು ವಿದ್ಯಾರ್ಥಿಗಳು ಟಿಕೆಟ್ ಮಾಡಿಸಿದ್ದರು: ಕೌಶಲ್, ಆಕರ್ಷ್, ದೀಕ್ಷಾ, ಶ್ರಾವ್ಯ. ಗುಡ್ಡವೇ ಇಲ್ಲದ ಈ ದೇಶದಲ್ಲಿ ಅಭ್ಯಾಸವಾಗಬೇಕೆಂದರೆ ಯಂತ್ರದ ಹಿಮ ಹಾಸಿದ ಇಳಿಜಾರೇ ಗತಿ. ಶನಿವಾರ ಅದಕ್ಕೆಂದೇ ಸ್ನೋ ಹಾಲ್‌ಗೆ ಬಂದಿದ್ದರು. ಭಾನುವಾರ ಬೆಳಿಗ್ಗೆ ಕೌಶಲ್ ಆಸ್ಪತ್ರೆಯಲ್ಲಿ ತೀರಿಕೊಂಡ.

ಮಧ್ಯಾಹ್ನ ಸ್ಥಳದಲ್ಲಿ ಪಂಚನಾಮೆ ನಡೆಯಿತು. ಇಳಿಜಾರಿನ ತುದಿಯಲ್ಲಿ ಕಾನ್ಸ್‌ಟೇಬಲ್ ಮರೈಕೆ ಒಂದು ಸ್ನೋಬೋರ್ಡನ್ನು ಕವುಚಿ ಹಾಕಿ ಬೂಟಿನಿಂದ ಒದ್ದಳು. ಕಾಲು ಬಿಗಿಯುವ ಪಟ್ಟಿಗಳು ಹಿಮದಲ್ಲಿ ಕಚ್ಚಿಕೊಂಡವು, ಬೋರ್ಡ್ ಅಲುಗಲಿಲ್ಲ.

"ಸ್ಕೀ ಕಾಲಿಂದ ಕಳಚಿದರೆ ಅದರ ಬ್ರೇಕೇ ಹಿಡಿಯುತ್ತದೆ. ಬೋರ್ಡಿಗೆ ಬ್ರೇಕ್ ಇಲ್ಲ," ಎಂದಳು. "ಅದಕ್ಕೇ ಕವುಚಿ ಇಡುವುದು ಇಲ್ಲಿನ ಮೊದಲ ಪಾಠ."

ದೀಕ್ಷಾಳ ಫೋನಿನಲ್ಲಿ ವಿಡಿಯೊ ಸಿಕ್ಕಿತು. ಮೇಲೆ ನಿಂತು ಅವಳೇ ತೆಗೆದದ್ದು. ಆಕರ್ಷ್‌ನ ಕಾಲ ಬಳಿ ಅವನ ಬೋರ್ಡ್ ಕವುಚಿಯೇ ಇತ್ತು. ಆಮೇಲೆ ಕ್ಯಾಮೆರಾ ಕೆಳಕ್ಕೆ ತಿರುಗಿತು. ಅಲ್ಲಿ ಕೌಶಲ್ ತನ್ನ ಫೋನ್ ಎತ್ತಿ ಹಿಡಿದು, "ಏ ಆಮೆ, ಇಳಿಯೋ! ಫ್ಯಾನ್ಸ್ ಕಾಯ್ತಿದಾರೆ!" ಎಂದು ಕೂಗುತ್ತಿದ್ದ. ನಗು. ಚಿತ್ರದಲ್ಲಿ ಕಾಣದ ಹೆಣ್ಣು ದನಿಯೊಂದು, ತೀರಾ ಹತ್ತಿರದಿಂದ: "ಬಿಡು." ಮರುಕ್ಷಣ ಖಾಲಿ ಬೋರ್ಡ್ ಕೆಳಗಿಳಿಯಿತು.

ಇಲಾಖೆಯ ದುಭಾಷಿ ಬರೆದುಕೊಟ್ಟ ಡಚ್ ಅನುವಾದದಲ್ಲಿ ಅದಕ್ಕೆ ಒಂದೇ ಅರ್ಥವಿತ್ತು: ಹಿಡಿದದ್ದನ್ನು ಬಿಟ್ಟುಬಿಡು.

ಆ ಸಂಜೆ ಹುಡುಗಿಯರಿಬ್ಬರನ್ನೂ ಕೇಳಲಾಯಿತು. ನಾನಲ್ಲ ಎಂದಳು ದೀಕ್ಷಾ. ಶ್ರಾವ್ಯ ಏನೂ ಗೊತ್ತಿಲ್ಲವೆಂಬಂತೆ ತಲೆಯಾಡಿಸಿದಳು. ಶಶಿಕಾಂತ ಅದನ್ನೂ ಬರೆದುಕೊಂಡರು.

ಮಂಗಳವಾರ ಬೆಳಿಗ್ಗೆ 10ಕ್ಕೆ ಆಕರ್ಷ್‌ನ ವಿಚಾರಣೆ. ಪಕ್ಕದಲ್ಲಿ ವಕೀಲರಿದ್ದರು.

"ಬೋರ್ಡ್ ಹೆಂಗ ಜಾರಿತು?"

"ಕಾಲು ತಗಲ್ತು ಸಾರ್."

"ಕವುಚಿ ಇಟ್ಟದ್ದು ಕಾಲು ತಗಲಿದ್ರ ಜಾರತೈತೇನು?"

ಉತ್ತರಿಸಲೇಬೇಕೆಂದಿಲ್ಲ ಎಂದು ವಕೀಲರು ನೆನಪಿಸಿದರು. ಆಕರ್ಷ್ ಅವರ ಕಡೆ ನೋಡಲಿಲ್ಲ.

"ನಾನೇ ಎತ್ತಿ ತಿರುಗಿಸಿದೆ. ಅವನಿಗೆ ಒಂದ್ಸಲ ಹೆದರಿಕೆ ಆಗ್ಲಿ ಅಂತ ಹಿಡ್ಕೊಂಡಿದ್ದೆ. ಆಗ ಯಾರೋ ಬಿಡು ಅಂದ್ರು. ಬಿಟ್ಟೆ."

"ಯಾರು?"

"ದೀಕ್ಷಾನೇ ಇರ್ಬೇಕು. ಶ್ರಾವ್ಯ ಮಾತೇ ಆಡಲ್ಲ."

"ಕೌಶಲ್ ಮ್ಯಾಲ ಅಷ್ಟ್ಯಾಕ ಸಿಟ್ಟು?"

"ನಾನು ಬಿದ್ದಾಗೆಲ್ಲ ವಿಡಿಯೊ ಮಾಡಿ ಊರಿನ ಗ್ರೂಪಿಗೆ ಹಾಕ್ತಿದ್ದ. ಆಮೆ ಅಂತ ಹೆಸರಿಟ್ಟ. ಇಲ್ಲಿ ಥೀಸಿಸ್ ಫೇಲಾದ ಮೇಲೆ ಅದೂ ಜೋಕಾಯ್ತು. ಎಲ್ಲಾರೂ ನಕ್ಕರು, ತಡ್ಕೊಂಡೆ. ಶನಿವಾರ ಅಮ್ಮನೂ ನಕ್ಕಳು ಸಾರ್."

11.15ಕ್ಕೆ ಆಕರ್ಷ್‌ನನ್ನು ಬಂಧಿಸಲಾಯಿತು. ಅವನ ಫೋನಿನಲ್ಲಿ ತಾಯಿ ರಾಜಮ್ಮನ ಶನಿವಾರದ ಸಂದೇಶವಿತ್ತು. ಯಾರೋ ದಾವಣಗೆರೆಯಲ್ಲಿ ಆಕೆಗೆ ಅವನು ಬೀಳುವ ವಿಡಿಯೊ ತೋರಿಸಿದ್ದರು. ಮಗ ಹಿಮದಲ್ಲಿ ಆಡಿಕೊಂಡು ಸುಖವಾಗಿದ್ದಾನೆ ಎಂದುಕೊಂಡಿದ್ದ ಆಕೆ ನಗುವ ಮುಖವೊಂದನ್ನು ಒತ್ತಿ, "ಇನ್ನೊಂದು ಕಳ್ಸು ಕಂದ" ಎಂದು ಬರೆದಿದ್ದರು.

ಶಶಿಕಾಂತ ಹೊರಗೆ ಬಂದಾಗ ಹುಡುಗಿಯರಿಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು.

"ದೀಕ್ಷಾ, ವಕೀಲರನ್ನ ಕರಸ್ಕೋರಿ. ಬೋರ್ಡ್ ಬಿಡು ಅಂತ ನೀವ ಹೇಳಿದ್ರಿ ಅನ್ನೂ ಹೇಳಿಕಿ ಬಂದೈತಿ. ಅದು ಖರೇ ಆದ್ರ ಕೇಸ್‌ನಾಗ ನೀವೂ ಇರ್ತೀರಿ."

"ನಾನಲ್ಲ ಅಂತ ಎಷ್ಟು ಸಲ ಹೇಳ್ಲಿ ಸಾರ್!" ದೀಕ್ಷಾಳ ದನಿ ಒಡೆಯಿತು. ಅವಳು ಗೆಳತಿಯತ್ತ ತಿರುಗಿದಳು. "ನೀನಾದ್ರೂ ಹೇಳೇ. ಪಕ್ಕದಲ್ಲೇ ಇದ್ಯಲ್ಲ! ಅಯ್ಯೋ, ನಿನ್ನ ಕೇಳೋದೂ ಒಂದೇ, ಈ ಗೋಡೆನ ಕೇಳೋದೂ ಒಂದೇ."

ಶಶಿಕಾಂತ ಕೈಯಲ್ಲಿದ್ದ ಅನುವಾದದ ಹಾಳೆ ತಿರುವಿದರು. "ನಮ್ಮವ್ವ ನಾ ಗ್ಲಾಸ್ ಒಡದ್ರೂ ಬಿಡ ಅಂತಿದ್ಲು, ಬೆಕ್ಕಿನ ಬಾಲ ಹಿಡಿದ್ರೂ ಬಿಡ ಅಂತಿದ್ಲು. ಯಾವ ಬಿಡು ಅಂತ ಈ ಅನುವಾದದಾಗ ಇಲ್ಲ. ಅಂದವ್ರ ಹೇಳಬೇಕು."

ದೀಕ್ಷಾ ಕಣ್ಣೊರೆಸಿಕೊಂಡು ಎದ್ದಳು. ಅವಳ ಹಿಂದೆಯೇ ಶ್ರಾವ್ಯಳೂ ಎದ್ದು ನಿಂತು ಏನೋ ಹೇಳಿದಳು.

"ಏನಂದ್ರಿ? ಕೇಳಿಸ್ಲಿಲ್ಲ," ಎಂದರು ಶಶಿಕಾಂತ.

ಮತ್ತೆ ಕೂತುಬಿಡಬಹುದಿತ್ತು. ಎಷ್ಟೋ ಸಲ ಅವಳು ಹಾಗೆ ಕೂತಿದ್ದಳು. ದೀಕ್ಷಾ ತಿರುಗಿ ಅವಳನ್ನೇ ನೋಡುತ್ತಿದ್ದಳು.

"ಆ ದನಿ ನಂದು ಸಾರ್," ಎಂದಳು ಶ್ರಾವ್ಯ. ಈ ಸಲ ಕಾರಿಡಾರಿನ ಆ ತುದಿಯಲ್ಲಿದ್ದ ಮರೈಕೆಯೂ ತಲೆಯೆತ್ತಿದಳು. "ಆಕರ್ಷ್ ಅಳೋ ಹಾಗಿದ್ದ. 'ಹೋಗ್ಲಿ ಬಿಡು' ಅನ್ನೋಕೆ ಹೋದೆ. 'ಹೋಗ್ಲಿ' ಬಾಯಿಂದ ಆಚೆ ಬರಲೇ ಇಲ್ಲ."