ಹದಿನೆಂಟು ಮಿಲಿಮೀಟರ್

ಢಮಾರ್!

ನನ್ನ ಕಾರಿನ ಮುಂದಿನ ಎಡ ಟೈರು ಸಿಡಿಯಿತು. ವೇಗ ಗಂಟೆಗೆ ಎಂಬತ್ತು ಕಿಲೋಮೀಟರ್. ಎಡಕ್ಕೆ ನೀರು ತುಂಬಿದ ಚರಂಡಿ. ಹಿಂದೆ, ಬೆನ್ನಿಗೆ ಅಂಟಿದಂತೆ, ಲಾರಿ ಕಂಪನಿಯ ಮಾಲೀಕನ ಕಾರು!

ಬ್ರೇಕ್ ತುಳಿಯಲಿಲ್ಲ. ಸ್ಟಿಯರಿಂಗನ್ನು ಹದವಾಗಿ ಹಿಡಿದೆ. ಕಾರು ಒಮ್ಮೆ ನಡುಗಿತು... ನೆಟ್ಟಗೆ ಹೋಯಿತು.

ರಸ್ತೆಯ ಎಡಬದಿಗೆ ಮೊಳೆ ಹೊಡೆದ ಹಲಗೆ ಇಟ್ಟವನು ಮಾಲೀಕನ ಬಾಮೈದ. ಕಾರಣ, ನನ್ನ ಚೀಲದಲ್ಲಿದ್ದ ವರದಿ.

ಅಪಘಾತಗಳ ತನಿಖೆ ನನ್ನ ಕಸುಬು. ಲೆಕ್ಕದ ಮೇಷ್ಟ್ರು ಎಂಬುದು ಜನ ಇಟ್ಟ ಹೆಸರು. ಹೋದ ತಿಂಗಳು ಮಾಲೀಕನ ಕಾರು ಟೈರು ಸಿಡಿದು ಗೋಡೆಗೆ ಗುದ್ದಿತ್ತು. ತಪ್ಪು ಡ್ರೈವರನ ತಲೆಗೆ ಬಿತ್ತು. ಇವತ್ತು ಮಧ್ಯಾಹ್ನ ಮೂರಕ್ಕೆ ನಡೆಯುವ ವಿಚಾರಣೆಗೆ ನಾನು ತಲುಪದಿದ್ದರೆ ಅವನ ಲೈಸೆನ್ಸ್ ಶಾಶ್ವತವಾಗಿ ರದ್ದು!

ಬೆಳಿಗ್ಗೆ ಮಾಲೀಕ ನನ್ನ ಕಚೇರಿಗೆ ಬಂದಿದ್ದ.

“ಮೇಷ್ಟ್ರೇ, ಅವನು ಸ್ಟಿಯರಿಂಗ್ ಬಿಟ್ಟ. ಹಾಗೇ ಬರೀರಿ.”

“ಚಕ್ರದ ಹಿಂದೆ ದಪ್ಪ ಬಿಲ್ಲೆ ಹಾಕಿಸಿದ್ದು ಯಾರು?”

“ನಾನೇ! ಚಕ್ರ ಹೊರಗೆ ಬಂದ್ರೆ ಗಾಡಿ ಎದೆ ಉಬ್ಬಿಸಿ ನಿಂತ ಹಾಗಿರುತ್ತೆ. ಎಂಥಾ ಲುಕ್ಕು!”

“ಮೂವತ್ತು ಮಿಲಿಮೀಟರ್ ಹೊರಗೆ.”

“ಅಷ್ಟೇ ತಾನೆ?”

ಅಷ್ಟೇ! ಕೇಳಿ, ಲೆಕ್ಕ ಸರಳ. ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಒಂದು ಓರೆ ಅಕ್ಷದ ಸುತ್ತ ಹೊರಳುತ್ತದೆ. ಆ ಅಕ್ಷವನ್ನು ಗೆರೆಯಂತೆ ನೆಲದವರೆಗೆ ಎಳೆಯಿರಿ. ತಯಾರಕರು ಆ ಗೆರೆಯನ್ನು ಟೈರಿನ ನಟ್ಟನಡುವಿಗಿಂತ ಹನ್ನೆರಡು ಮಿಲಿಮೀಟರ್ ಹೊರಗೆ ಇಟ್ಟಿದ್ದರು. ಎಡ ಟೈರು ಸಿಡಿದರೆ ಕಾರು ಎಡಕ್ಕೆ ಜಗ್ಗುತ್ತದೆ. ಅದೇ ಜಗ್ಗಾಟ ಚಕ್ರವನ್ನು ಬಲಕ್ಕೆ ಹೊರಳಿಸುತ್ತದೆ. ಅದಕ್ಕೂ ಇದಕ್ಕೂ ವಜಾ. ಬಿಲ್ಲೆ ಟೈರನ್ನು ಮೂವತ್ತು ಹೊರಕ್ಕೆ ತಳ್ಳಿತು. ಗೆರೆ ಹದಿನೆಂಟು ಒಳಗಾಯಿತು. ಈಗ ಜಗ್ಗುವುದೂ ಎಡಕ್ಕೆ, ಹೊರಳುವುದೂ ಎಡಕ್ಕೆ!

ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ್ದನ್ನು ಮಾಲೀಕ ಒಂದು ಮಧ್ಯಾಹ್ನದಲ್ಲಿ ತಿದ್ದಿದ್ದ.

“ಹುಷಾರು ಮೇಷ್ಟ್ರೇ... ದಾರೀಲಿ ಟೈರು ಹೋಗ್ಬಹುದು,” ಎಂದು ಎದ್ದಿದ್ದ.

ಮಾತಿಗೆ ತಪ್ಪದ ಮನುಷ್ಯ!

ಆದರೆ ಭಾವ-ಬಾಮೈದರಿಬ್ಬರೂ ಒಂದನ್ನು ಮರೆತಿದ್ದರು. ಬೆನ್ನಟ್ಟುವವನಿಗೂ ರಸ್ತೆ ಅದೇ.

ಢಮಾರ್!

ಕನ್ನಡಿಯಲ್ಲಿ ನೋಡಿದೆ. ನನ್ನದೇ ಮಾದರಿಯ ಕಾರು. ಅದೇ ವೇಗ, ಅದೇ ಎಡ ಟೈರು. ದುರಸ್ತಿಯಾದ ಮೇಲೂ ತೆಗೆಸದ ಬಿಲ್ಲೆಯೊಂದೇ ವ್ಯತ್ಯಾಸ. ಎಡಕ್ಕೆ ಹೊರಳಿತು... ಚರಂಡಿಗೆ ಹಾರಿತು! ಪ್ರಯೋಗಶಾಲೆಯಲ್ಲೂ ಇಷ್ಟು ಶುದ್ಧವಾದ ಪರೀಕ್ಷೆ ಸಿಗದು.

ಕಾರು ನಿಲ್ಲಿಸಿ ಹಿಂದಕ್ಕೆ ನಡೆದೆ. ಪೊದೆಯಿಂದ ಬಾಮೈದ ಓಡಿಬಂದ.

“ಭಾವಾ! ಸ್ಟಿಯರಿಂಗ್ ಯಾಕ್ ಬಿಟ್ರಿ?”

“ಬಿಡ್ಲಿಲ್ಲ ಕಣೋ ದಂಡಪಿಂಡ! ಅದೇ ಎಳ್ಕೊಂಡು ಹೋಯ್ತು!”

ಬಾಮೈದ ನನ್ನನ್ನು ಕಂಡ. ಹಲಗೆ ಹೆಗಲಿಗೇರಿಸಿ ಪರಾರಿಯಾದ.

ನಾನು ಕಿಟಕಿಯ ಸಂದಿಯಿಂದ ಕಾಗದ, ಪೆನ್ನು ತೂರಿಸಿದೆ.

“ಈಗ ಹೇಳಿದ್ದನ್ನೇ ಬರೆದುಕೊಡಿ. ಬಿಲ್ಲೆ ಹಾಕಿಸಿದ್ದೂ ಇರಲಿ.”

“ಮೊದ್ಲು ಬಾಗಿಲು ತೆಗೀರಿ ಮೇಷ್ಟ್ರೇ! ಒಳಗೆ ನೀರು ಮೊಣಕಾಲಿಗೆ ಬಂತು!”

“ಅಕ್ಷರ ದುಂಡಗಿರಲಿ.”

ಸಹಿ ಬಿತ್ತು. ಬಾಗಿಲು ತೆರೆದೆ. ಸ್ಟೆಪ್ನಿ ಹಾಕಿಕೊಂಡು ಹೊರಟೆ. ಮೂರಕ್ಕೆ ಎರಡು ನಿಮಿಷ ಇರುವಾಗ ವಿಚಾರಣೆಯ ಕೋಣೆ ಹೊಕ್ಕೆ. ಅಧಿಕಾರಿ ಮಾಲೀಕನ ಹೇಳಿಕೆಯನ್ನು ಎರಡು ಬಾರಿ ಓದಿ, ಲೈಸೆನ್ಸನ್ನು ಡ್ರೈವರನ ಕೈಗಿತ್ತರು. ಅವನು ಅದನ್ನು ಕಣ್ಣಿಗೊತ್ತಿಕೊಂಡ.

“ಒಂದು ನಿಮಿಷ ಮೇಷ್ಟ್ರೇ,” ಎಂದರು ಅಧಿಕಾರಿ. “ಮಾಲೀಕರ ಮೇಲೆ ಯಾರ ಒತ್ತಡವೂ ಇರಲಿಲ್ಲ ತಾನೆ?”

“ಇತ್ತು ಸ್ವಾಮಿ. ಸೊಂಟದ ಮಟ್ಟಕ್ಕೆ.”