ಅಳಿಸಿಹೋದ ಅಮ್ಮಿಯ ದನಿ

"ನಿಮ್ಮ ಆ್ಯಪ್ ನಮ್ಮ ಅಮ್ಮಿನ ನುಂಗ್ಬಿಟ್ಟಿದೆ! ವಾಪಸ್ ಕೊಡಿ!"

ಮಂಡ್ಯದ ಆ ಪುಟ್ಟ ಆಫೀಸಿನಲ್ಲಿ ಕೀಬೋರ್ಡುಗಳ ಸದ್ದು ನಿಂತಿತು. ಬಾಗಿಲಲ್ಲಿ ಫಾಯಿಜಾ ನಿಂತಿದ್ದಳು. ಮದ್ದೂರಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ದಾರಿಯುದ್ದಕ್ಕೂ ನುಂಗಿಕೊಂಡಿದ್ದ ಅಳು ಈಗ ಕಿತ್ತುಕೊಂಡು ಬಂತು.

ಕಿಟಕಿ ಪಕ್ಕದ ಮೇಜಿನಿಂದ ಒಬ್ಬ ಎದ್ದು ಬಂದ.

"ಕೂತ್ಕೊಳ್ಳಿ. ನಾನು ಆಸಿಮ್. ಏನಾಯ್ತು?"

ಏನೆಂದು ಹೇಳುವುದು? ಅವಳ ತಾಯಿ ಶಮೀಮ್ ಬಾನು ಊರಿನ ಎಷ್ಟೋ ಹೆಂಗಸರಿಗೆ ಬ್ಲೌಸ್ ಹೊಲಿಯಲು ಕಲಿಸಿದವರು. ಮಂಡಿನೋವು ಹೆಚ್ಚಾದ ಮೇಲೆ ಫೋನ್ ಮುಂದಿಟ್ಟುಕೊಂಡು ವಿಡಿಯೋ ಮಾಡಿ, ಈ ಕಂಪನಿಯ ಆ್ಯಪ್‌ನಲ್ಲಿ ಕೋರ್ಸ್ ಶುರು ಮಾಡಿದ್ದರು. ಹೋದ ರಂಜಾನಿನಲ್ಲಿ ಅವರ ಉಸಿರು ನಿಂತಿತು. ಆದರೆ ಪಾಠಗಳಲ್ಲಿ ಅಮ್ಮಿ ಇದ್ದರು... ಕತ್ತರಿ ಹಿಡಿದು, ನಗುತ್ತಾ, ಗದರುತ್ತಾ. ಫಾಯಿಜಾ ದಿನಾ ಒಂದು ಪಾಠ ಹಾಕಿಕೊಂಡು ಕೂರುತ್ತಿದ್ದಳು. ನಿನ್ನೆ ತೆರೆದರೆ ಎಲ್ಲ ಖಾಲಿ!

"ನಿಮ್ಮ ಫೋನಲ್ಲಿ ಇಲ್ವಾ?"

"ಜಾಗ ಸಾಲಲ್ಲ ಅಂತ ಅಮ್ಮಿನೇ ಅಳಿಸ್ತಾ ಬಂದ್ರು. ನಿಮ್ಮ ಹತ್ರ ಇರುತ್ತಲ್ಲ ಅಂತ ನಂಬಿದ್ರು..."

ಆಸಿಮ್‌ನ ಮುಖ ಬಾಡಿತು. ಏನೋ ಹೇಳಹೋಗಿ ತಡೆದುಕೊಂಡ. "ನೋಡೋಣ... ಹುಡುಕ್ತಾ ಇದೀವಿ."

ಆ ಒಂದು ಮಾತನ್ನೇ ಹಿಡಿದುಕೊಂಡು ಅವಳು ಊರಿಗೆ ಮರಳಿದಳು.

ಮತ್ತೆ ವಾರವಾರವೂ ಬಂದಳು. ಪಾಠ ಸಿಗಲಿಲ್ಲ. ಅತ್ತ, ಕೋರ್ಸಿಗೆ ಸೇರಿದ್ದ ಹೆಂಗಸರು ಅರ್ಧಕ್ಕೆ ನಿಂತಿದ್ದರು. ಅದನ್ನು ಇನ್ನು ಫಾಯಿಜಾಳೇ ಮುಗಿಸಿಕೊಡಬೇಕಿತ್ತು.

"ಬೇರೆ ಆ್ಯಪ್ ನೋಡ್ಕೊಳ್ಳಿ. ಯಾವುದು ಅಂತ ನಾನು ತೋರಿಸ್ತೀನಿ" ಎಂದ ಆಸಿಮ್. ಕಂಪನಿಯವನೇ ಹೀಗೆ ಹೇಳುವುದೇ!

ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡಿತು.

"ಇದು ಚೆನ್ನಾಗಿದೆ ಅಲ್ವಾ? ನೋಡೋಕೂ ಚೆಂದ" ಎಂದಳು ಫಾಯಿಜಾ.

"ಹಳೇ ಫೋನಲ್ಲಿ ಅದು ತೆರೆಯೋದೇ ಇಲ್ಲ. ನಿಮ್ಮ ಹತ್ರ ಕಲಿಯೋರು ಯಾರು?"

"ಗೆಜ್ಜಲಗೆರೆ ಫ್ಯಾಕ್ಟರಿಗೆ ಹೋಗೋರು, ನಿಡಘಟ್ಟದ ಸೊಸೆಯಂದಿರು, ಆತಗೂರಿನ ಚಿಕ್ಕಬೋರಮ್ಮ..."

"ಹಾಗಾದ್ರೆ ಅವರ ಫೋನಿಗೆ ಆಗೋದನ್ನ ತಗೊಳ್ಳಿ. ಅದಕ್ಕೂ ಮೊದಲು ಒಂದು ಮಾತು ಕೇಳ್ಕೊಳ್ಳಿ. ನಾಳೆ ಈ ಕಂಪನಿ ಬಾಗಿಲು ಹಾಕಿದ್ರೆ ನನ್ನ ಪಾಠ ನನ್ನ ಕೈಗೆ ಬರುತ್ತಾ, ಅಂತ."

ಹೇಳುವಾಗ ಅವನು ಅವಳ ಕಣ್ಣು ತಪ್ಪಿಸಿದ. ಅದು ಅವನ ನಾಚಿಕೆ ಎಂದುಕೊಂಡಳು ಅವಳು!

ಕೊನೆಗೆ ಅವಳೇ ಆರಿಸಿದಳು. ವಿಡಿಯೋ ಇಡಲು ಹಗುರವಾದ ಒಂದು ಆ್ಯಪ್, ಅದರದೊಂದು ನಕಲು ಮನೆಯ ಹಾರ್ಡ್‌ಡಿಸ್ಕಿನಲ್ಲಿ. ನೇರ ಪಾಠಕ್ಕೆ ಒಂದು ಲಿಂಕ್, ಅನುಮಾನ ಕೇಳಲು ವಾಟ್ಸಾಪ್ ಗುಂಪು. ಇಷ್ಟೇ.

ಕೆಲಸ ಮುಗಿಯಿತಲ್ಲಾ, ಇನ್ನು ಇಲ್ಲಿಗೆ ಬರಲು ನೆಪವೇನು? ಮನಸ್ಸು ಹಾಗೆ ಯೋಚಿಸಿದ್ದೇ ಅವಳು ಬೆಚ್ಚಿದಳು. 'ಅಮ್ಮಿ ಹೋದ ದುಃಖದಲ್ಲೂ ನನಗೆ ಇದೆಲ್ಲ ಬೇಕಾ...?'

ಆದರೂ ಮುಂದಿನ ವಾರ ಬಂದಳು. ಆಸಿಮ್ ಹೊರಗೆ ಹೋಗಿದ್ದ. ಅವನ ಜೊತೆ ಕೆಲಸ ಮಾಡುವ ರೂಪ ಮರುಕದಿಂದ ನೋಡಿದಳು.

"ಇನ್ನೂ ಹುಡುಕ್ತಿದ್ದಾರೆ ಅನ್ಕೊಂಡಿದ್ದೀರಾ? ಸರ್ವರ್ ಬದಲಿಸುವಾಗಲೇ ಎಲ್ಲಾ ಅಳಿಸಿಹೋಯ್ತು. ನೀವು ಮೊದಲು ಬಂದ ದಿನವೇ ಆಸಿಮ್‌ಗೆ ಗೊತ್ತಿತ್ತು."

ಫಾಯಿಜಾ ಹೊರಗೆ ಓಡಿದಳು. ಮೆಟ್ಟಿಲಲ್ಲೇ ಅವನು ಎದುರಾದ.

"ಅಮ್ಮಿ ಪಾಠ ಇನ್ನು ಸಿಗಲ್ವಾ?"

"...ಇಲ್ಲ."

"ಗೊತ್ತಿದ್ದೂ ಆಸೆ ತೋರಿಸಿದ್ರಾ? ನಾನು ಬರ್ತಾ ಇರ್ಲಿ ಅಂತನಾ? ಛೀ!"

ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು. ಅವನ ನಂಬರನ್ನೂ ಬ್ಲಾಕ್ ಮಾಡಿದಳು.

ಮನೆಯಲ್ಲಿ ಮೌನ ಬೂಷ್ಟು ಕಟ್ಟಿದಂತಿತ್ತು. ಅಮ್ಮಿಯ ದನಿ ನೆನಪಿಸಿಕೊಳ್ಳಲು ಹೋದರೆ ಅದೂ ಜಾರುತ್ತಿತ್ತು. ಮೊದಲ ನೇರ ಪಾಠದ ದಿನ, ಪರದೆಯ ತುಂಬ ಮುಖಗಳಿದ್ದರೂ ಫಾಯಿಜಾಳ ಬಾಯಿಂದ ಮಾತೇ ಹೊರಡಲಿಲ್ಲ.

ಚಿಕ್ಕಬೋರಮ್ಮ ಗದರಿದಳು. "ಯಾಕಮ್ಮ ಸುಮ್ಕೆ ಕುಂತ್ಬುಟ್ಟೆ? ನಿಮ್ಮವ್ವ ಇಲ್ಲ ಅಂತ ನಮ್ಗೂ ಗೊತ್ತು ಕಣಮ್ಮ. ಈಗ ನೀನೇ ಏಳ್ಕೊಡು. ಕತ್ತರಿ ಇಡ್ಕೊಂಡು ಕುಂತಿವಿ."

ಫಾಯಿಜಾ ಬಟ್ಟೆ ಹಾಸಿದಳು. ಹೇಳಿಕೊಟ್ಟಳು. ಕ್ಯಾಮೆರಾ ಆಫ್ ಮಾಡಿದ ಮೇಲೆ ಆ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಕೆಲವು ದಿನಗಳಾದ ಮೇಲೆ ರೂಪಳ ಫೋನ್ ಬಂತು.

"ಆಸಿಮ್ ಈಗ ಇಲ್ಲಿಲ್ಲ ಕಣ್ರೀ. 'ಹುಡುಕ್ತಿದೀವಿ' ಅಂತಲೇ ಎಲ್ರಿಗೂ ಹೇಳಿ ಅಂತ ಮೇಲಿನವರ ಅಪ್ಪಣೆ ಇತ್ತು. ಆಸಿಮ್ ಮಾತ್ರ ಮೊದಲ ವಾರದಿಂದಲೇ ಕೋರ್ಸ್ ನಡೆಸೋ ಬೇರೆ ಒಬ್ಬೊಬ್ಬರಿಗೂ ಗುಟ್ಟಾಗಿ ಫೋನ್ ಮಾಡಿ ನಿಜ ಹೇಳಿಬಿಟ್ರು. ಅದು ಮೇಲಿನವರಿಗೆ ಗೊತ್ತಾಗಿ ಕೆಲಸ ಹೋಯ್ತು. ಮಳವಳ್ಳಿಲಿ ಅವರಪ್ಪ ಹಮೀದ್ ಸಾಬ್ರ ಗ್ಯಾರೇಜಲ್ಲಿದ್ದಾರೆ."

ಎಲ್ಲರಿಗೂ ಹೇಳಿದ! ನನಗೊಬ್ಬಳಿಗೆ ಯಾಕಿಲ್ಲ?

ಆ ಪ್ರಶ್ನೆಯೇ ಅವಳನ್ನು ಮಳವಳ್ಳಿ ಬಸ್ಸು ಹತ್ತಿಸಿತು.

ಗ್ಯಾರೇಜಿನ ಮೇಲೆ ಮೋಡ ಕವಿದಿತ್ತು. ಗ್ರೀಸು ಮೆತ್ತಿದ ಕೈಗಳನ್ನು ಒರೆಸಿಕೊಳ್ಳುತ್ತಾ ಆಸಿಮ್ ಹೊರಬಂದ. ಸೊರಗಿಹೋಗಿದ್ದ.

"ನನಗೆ ಮಾತ್ರ ಯಾಕೆ ಹೇಳ್ಲಿಲ್ಲ?"

"ಬೇರೆಯವರ ಪಾಠ ಹೋಗಿತ್ತು, ಹೇಳ್ದೆ. ನಿಮ್ಮದ್ರಲ್ಲಿ ಅಮ್ಮಿನೇ ಹೋಗಿದ್ರು. ಆ ಸುದ್ದಿನ ನಿಮಗೆ ಎರಡನೇ ಸಲ ಹೇಳೋ ಧೈರ್ಯ ನನಗಿರ್ಲಿಲ್ಲ. ನೀವು ಬರ್ತಾ ಇರ್ಬೇಕು ಅಂತ ಆಸೆನೂ ಇತ್ತು... ಅದೂ ಸುಳ್ಳಲ್ಲ."

ಅವಳು ಗೋಡೆಗೆ ಒರಗಿದಳು.

"ನಿಮ್ಮ ಹೆಸರು ನನಗೆ ಮೊದಲೇ ಗೊತ್ತಿತ್ತು," ಎಂದ ಅವನು ಮೆಲ್ಲಗೆ. "ನಿಮ್ಮಮ್ಮಿ ವಿಡಿಯೋ ಎಲ್ಲಾ ಸರಿಮಾಡಿ ಹಾಕ್ತಿದ್ದವನು ನಾನೇ. ಪಾಠದ ಮಧ್ಯೆ ಎಲ್ಲಾದ್ರೂ ಒಂದ್ಕಡೆ ತಲೆಯೆತ್ತಿ ಕೂಗೋರು. 'ಫಾಯಿಜಾ, ಖಾನಾ ಖಾಯಿ ಕ್ಯಾ ಬೇಟಾ?' ಪಾಠಕ್ಕೆ ಬೇಡದ್ದು ಅಂತ ಅದನ್ನ ಕತ್ತರಿಸಿ ಬಿಸಾಕ್ತಿದ್ದೆ... ಈಗಿನ ಬುದ್ಧಿ ಆಗ ಇದ್ದಿದ್ರೆ ಪಾಠ ಬಿಸಾಕಿ ಅದನ್ನೇ ಇಟ್ಕೋತಿದ್ದೆ."

ಊಟ ಮಾಡಿದ್ಯಾ ಮಗಳೇ... ಆ ಕೂಗು, ಆ ರಾಗ, ಅಮ್ಮಿಯದೇ! ಇಷ್ಟು ದಿನ ಜಾರುತ್ತಿದ್ದ ದನಿ ಕಿವಿಯೊಳಗೆ ಸ್ಪಷ್ಟವಾಗಿ ಬಂದು ನಿಂತಿತು. ಫಾಯಿಜಾ ಬಿಕ್ಕಿದಳು. ಆಸಿಮ್ ಪಕ್ಕದಲ್ಲೇ ನಿಂತ, ಅವಳ ಅಳು ತಾನಾಗಿ ಇಳಿಯುವವರೆಗೂ.

"ಇನ್ಮೇಲೆ ಕೆಟ್ಟ ಸುದ್ದಿ ಇದ್ರೆ ಮೊದಲು ನನಗೇ ಹೇಳ್ಬೇಕು," ಎಂದಳು ಕೊನೆಗೆ.

"ಹೇಳ್ತೀನಿ."

"ಮುಚ್ಚಿಡಬಾರದು."

"ಇಲ್ಲ... ಒಳ್ಳೇ ಸುದ್ದಿ ಇದ್ರೆ?"

ಅವಳು ಒದ್ದೆ ಕಣ್ಣೆತ್ತಿ ಅವನನ್ನು ನೋಡಿದಳು.

"ಅದನ್ನ ಈಗ್ಲೇ ಹೇಳಿ."

"ನೀವಿಲ್ಲದೆ ನನಗೆ ಆಗ್ತಿಲ್ಲ, ಫಾಯಿಜಾ."

"...ನನಗೂ."