ಆರು ಅಂಕಿ

ಫೋನು ಮೂರನೇ ಸಲ ಬಡಿದುಕೊಂಡಾಗ ಅನಸುಬಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಳುಕುತ್ತಲೇ ಕಿವಿಗೆ ಹಿಡಿದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

"ಅನಸುಬಾಯಿ ಅವರಾ? ನಾ ಮುನಾಫ ಮಾತಾಡಾಕತ್ತೀನ್ರಿ, ಸೇಡಂ ಕಾಲೇಜಿನ ಆಫೀಸಿನಿಂದ. ನಿಮ್ಮ ಫೋನಿಗೆ ಈಗ ಒಂದು ಮೆಸೇಜ್ ಬಂದದ ನೋಡ್ರಿ. ಅದರಾಗ ಆರು ಅಂಕಿ ಅದಾವ. ಅಷ್ಟು ಹೇಳ್ರಿ ನಮಗ."

"ಯಾಕ ಹೇಳಬೇಕ್ರಿ?"

"ನಿಮ್ಮ ಕರುಣಾನ ಸೀಟಿನ ಕೆಲಸ ಅದರಿ. ಐದೂವರಿ ತನಕ ಅಷ್ಟೇ ಟೈಮ್ ಅದ."

ಹೆಸರು ಗೊತ್ತು, ಮಗಳ ಹೆಸರು ಗೊತ್ತು, ಅಂಕಿ ಕೇಳುತ್ತಾನೆ... ಹೋದ ವರ್ಷ ಓಣಿಯ ಮಾಲನಬಾಯಿಗೂ ಹೀಗೇ ಒಬ್ಬ ಫೋನು ಮಾಡಿ, ಅಂಕಿ ಕೇಳಿ, ಬ್ಯಾಂಕಿನಲ್ಲಿದ್ದದ್ದನ್ನೆಲ್ಲ ಗುಡಿಸಿಕೊಂಡು ಹೋಗಿದ್ದ. ಅಂದು ಸಂಜೆಯೇ ಕರುಣಾ ತಾಯಿಯನ್ನು ಎದುರಿಗೆ ಕೂಡಿಸಿಕೊಂಡು ಪಾಠ ಮಾಡಿದ್ದಳು. "ಅವ್ವ, ಈ ಅಂಕಿ ಯಾರು ಕೇಳಿದ್ರೂ ಹೇಳಬ್ಯಾಡ. ಸಾಹೇಬ ಅಂದ್ರೂ ಹೇಳಬ್ಯಾಡ. ನನ್ನ ಧ್ವನಿ ಮಾಡಿ ಕೇಳಿದ್ರೂ ಹೇಳಬ್ಯಾಡ. ಈಗ ಧ್ವನಿನೂ ಕಳವು ಮಾಡ್ತಾರ." ಅನಸುಬಾಯಿಗೆ ಅಕ್ಷರ ಬಾರದು. ಅಂಕಿಗಳನ್ನು ಕಲಿಸಿದವಳು ಮಗಳು. ಕಲಿಸಿದ ಗುರುವಿನ ಮಾತು ಮೀರುವುದುಂಟೇ?

ಆ ಕಡೆಯಿಂದ ಈಗ ಹೆಂಗಸಿನ ದನಿ ಬಂತು. "ಅನಸುಬಾಯಿ, ನಾ ಮಾಸುಮಬಿ ಮೇಡಂ ಇದ್ದೀನಿ. ಗುರ್ತು ಸಿಕ್ತಾ? ಸಾಲಿಯೊಳಗ ಸಭಾ ಮಾಡಿದ್ವಲ್ಲ... ಅಂಜಬ್ಯಾಡ್ರಿ, ಹೇಳ್ರಿ."

ದನಿ ಮೇಡಂದೇ. ಅದಕ್ಕೇ ಅವಳಿಗೆ ಇನ್ನಷ್ಟು ಭಯವಾಯಿತು. "ನನ್ನ ಮಗಳು ಹೇಳಬ್ಯಾಡ ಅಂದಾಳ್ರಿ," ಎಂದವಳೇ ಗುಂಡಿ ಒತ್ತಿ ಹಿಡಿದು ಫೋನನ್ನು ಪೂರಾ ಆರಿಸಿಬಿಟ್ಟಳು. ಅದನ್ನು ಜೋಳದ ಡಬ್ಬಿಯೊಳಗೆ ಹುಗಿದಳು. ಹೆಸರು ಗೊತ್ತಿದ್ದವರಿಗೆ ಮನೆಯೂ ಗೊತ್ತಿರಬೇಕಲ್ಲ? ಒಲೆ ಆರಿಸಿ, ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಊರ ತುದಿಯ ಬುದ್ಧವಿಹಾರಕ್ಕೆ ಹೋಗಿ ಕುಳಿತಳು. ಮಗಳ ಸೊತ್ತನ್ನು ಕಾಯ್ದೆನೆಂಬ ಸಮಾಧಾನ ಅವಳ ಮುಖದ ಮೇಲಿತ್ತು.

ಅಯ್ಯೋ ತಾಯಿ... ಕಾಯ್ದದ್ದು ಏನನ್ನು, ಕಳೆದದ್ದು ಏನನ್ನು!

ಅವರ ಊರಾದ ಸೇಡಂ ತಾಲೂಕಿನ ಮುಧೋಳದ ಹೈಸ್ಕೂಲಿನಲ್ಲಿ ಗುರುಲಿಂಗಯ್ಯ ಹೆಡ್‌ಮಾಸ್ತರರು ಒಂದು ರೂಢಿ ಹಾಕಿದ್ದರು. ಪ್ರತಿ ಜೂನ್ ತಿಂಗಳಲ್ಲಿ ಒಂಬತ್ತನೇ ಇಯತ್ತೆಯ ಮಕ್ಕಳ ತಂದೆತಾಯಿ ಶಾಲೆಗೆ ಬರಬೇಕು. ಸೇಡಂ ಕಾಲೇಜಿನಿಂದ ಮಾಸುಮಬಿ ಮೇಡಂ ಬರುತ್ತಿದ್ದರು. "ನನ್ನ ಮಗುವನ್ನು ಪದವಿವರೆಗೆ ಓದಿಸುತ್ತೇನೆ" ಎಂದು ಎಲ್ಲರೆದುರಿಗೆ ಮಾತು ಕೊಟ್ಟು, ದಪ್ಪ ಪುಸ್ತಕವೊಂದರಲ್ಲಿ ಶಾಲೆ, ಕಾಲೇಜು, ಮನೆ ಮೂವರೂ ಸಹಿ ಹಾಕಬೇಕು. ಅರ್ಜಿ ತುಂಬುವುದರಿಂದ ಹಿಡಿದು ಹಾಸ್ಟೆಲ್ ಸಿಗುವವರೆಗೆ ಶಾಲೆಯೂ ಕಾಲೇಜೂ ಬೆನ್ನಿಗಿರುತ್ತಿದ್ದವು. "ಇದು ಮೂರು ಕಲ್ಲಿನ ಒಲಿ. ಒಂದು ಕಲ್ಲು ಸರದ್ರ ಗಡಿಗಿ ಉರುಳ್ತದ," ಎಂದು ಮಾಸ್ತರರು ಪ್ರತಿ ವರ್ಷ ಅದನ್ನೇ ಹೇಳುತ್ತಿದ್ದರು. ಮಕ್ಕಳು ನಗುತ್ತಿದ್ದರು.

ಕರುಣಾಳ ಅಪ್ಪ ಜಗದೇವಪ್ಪ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ಹೊರುವ ಗುತ್ತಿಗೆ ಆಳು. ಆ ಪುಸ್ತಕದಲ್ಲಿ ಸಹಿ ಹಾಕುವಾಗ ಅವನ ಕಣ್ಣು ತುಂಬಿದ್ದವು. ಆದರೆ ಅವನು ಇನ್ನೊಂದು ಕಡೆಯೂ ಮಾತು ಕೊಟ್ಟಿದ್ದ. ಅವನ ಅಕ್ಕ ಪುತಳಾಬಾಯಿ ವಾಡಿಯಲ್ಲಿದ್ದಳು. ತಂದೆತಾಯಿ ತೀರಿದ ಮೇಲೆ ಏಳು ವರ್ಷದ ತಮ್ಮನನ್ನು ಕಲ್ಲಿನ ಖಣಿಯಲ್ಲಿ ದುಡಿದು ಸಾಕಿದವಳು. ಸಾಕಿದ್ದನ್ನು ಮರೆಯಲು ತಮ್ಮನಿಗೆ ಒಂದು ದಿನವೂ ಬಿಟ್ಟವಳಲ್ಲ. ತನ್ನ ಮಗ ಪ್ರಬುದ್ಧನಿಗೆ ಕರುಣಾಳನ್ನು ತಂದುಕೊಳ್ಳಬೇಕೆಂದು ತೊಟ್ಟಿಲಲ್ಲೇ ಹೇಳಿಟ್ಟಿದ್ದಳು. ಕರುಣಾ ಪಿಯುಸಿಯಲ್ಲಿ ತಾಲೂಕಿಗೇ ಎರಡನೆಯವಳಾದಾಗ ಜಗದೇವಪ್ಪ ಅಕ್ಕನ ಕಾಲು ಹಿಡಿದಿದ್ದ. ಅವಳು ಕಾಲು ಬಿಡಿಸಿಕೊಂಡು, "ಸರಕಾರಿ ಸೀಟು ಸಿಕ್ಕರ ನಾಕು ವರ್ಷ ಕಾಯ್ತೀನಿ. ಸಿಗಲಿಲ್ಲಂದ್ರ ಈ ವರ್ಷನೇ ಅಕ್ಕಿಕಾಳು," ಎಂದಿದ್ದಳು.

ಸೀಟು ಸಿಕ್ಕಿತ್ತು! ಕಲಬುರಗಿಯಲ್ಲಿ ಕೃಷಿ ಪದವಿ. ಪರರ ತೊಗರಿ ಹೊಲದಲ್ಲಿ ಕಳೆ ತೆಗೆಯುವವಳ ಮಗಳು ಬೀಜದ ಶಾಸ್ತ್ರ ಓದುವವಳಿದ್ದಳು. ಉಳಿದದ್ದು ಒಂದೇ ಕೆಲಸ, ಸೀಟು ಒಪ್ಪಿಕೊಂಡೆನೆಂದು ಕಂಪ್ಯೂಟರಿನಲ್ಲಿ ದಾಖಲಿಸುವುದು. ಅರ್ಜಿಯಲ್ಲಿ ಕೊಟ್ಟಿದ್ದು ಅವ್ವನ ಫೋನ್ ನಂಬರು. ಆ ಫೋನು ಹಿಡಿದುಕೊಂಡು ಕೊನೆಯ ದಿನ ಸೇಡಂಗೆ ಹೋಗುವುದೆಂದು ಕರುಣಾ ಗೊತ್ತುಮಾಡಿಕೊಂಡಿದ್ದಳು. ಹಿಂದಿನ ರಾತ್ರಿ ವಾಡಿಯಿಂದ ಕರೆ ಬಂತು. ಪುತಳಾಬಾಯಿ ಜಾರಿ ಬಿದ್ದಿದ್ದಾಳೆ, ಕಾಲು ಊರಲಾಗುವುದಿಲ್ಲ, ಹುಡುಗಿಯನ್ನು ಕಳಿಸು. ಬೆಳಗಾಗುತ್ತಲೇ ಕರುಣಾ ಅಪ್ಪನ ಫೋನಿನಿಂದ ಮೇಡಂಗೆ ತಿಳಿಸಿದಳು. "ಹೋಗಿ ಬಾ, ನಾನೇ ಮಾಡ್ತೀನಿ. ನಿಮ್ಮ ಅವ್ವಗ ಅಂಕಿ ಹೇಳು ಅಂತ ಹೇಳಿಟ್ಟು ಹೋಗು," ಎಂದರು ಮೇಡಂ. ಅಷ್ಟರಲ್ಲಿ ಅವ್ವ ಆಗಲೇ ಕಳೆಗೆ ಹೋಗಿದ್ದಳು. ಕರುಣಾ ಅಪ್ಪನಿಗೆ ಎರಡೆರಡು ಸಲ ಹೇಳಿ ಬಸ್ಸು ಹತ್ತಿದಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಮಾಸುಮಬಿ ಮೇಡಂ ಗುರುಲಿಂಗಯ್ಯನವರಿಗೆ ಫೋನು ಮಾಡಿದರು. ನಿವೃತ್ತಿಗೆ ಎರಡು ವರ್ಷವಿದ್ದ ಆ ಮನುಷ್ಯ ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದರು. ಮನೆಗೆ ಬೀಗ. ಮಧ್ಯಾಹ್ನದ ಪಾಳಿಗೆ ಹೋಗಿದ್ದ ಜಗದೇವಪ್ಪನ ಫೋನನ್ನು ಕಾರ್ಖಾನೆಯ ಗೇಟಿನಲ್ಲೇ ಇಡಿಸಿಕೊಂಡಿದ್ದರು. ಹೊಲ, ಬಾವಿ, ಹಿಟ್ಟಿನ ಗಿರಣಿ ಎಲ್ಲ ತಿರುಗಿ, ಕಡೆಗೆ ವಿಹಾರದ ಮೆಟ್ಟಿಲ ಬಳಿ ಬಂದಾಗ ಐದು ನಲವತ್ತು.

"ಅನಸುಬಾಯಿ, ಫೋನ್ ಎಲ್ಲದ?"

"ಮುಚ್ಚಿಟ್ಟೀನ್ರಿ ಸರ್. ಕಳ್ಳರು ಮೇಡಂರ ಧ್ವನಿ ಮಾಡಿ ಕೇಳಾಕತ್ತಿದ್ರು. ನಾ ಕೊಡಲಿಲ್ಲ ನೋಡ್ರಿ," ಎಂದು ಅವಳು ಹೆಮ್ಮೆಯಿಂದ ನಕ್ಕಳು.

ಮಾಸ್ತರರು ಅವಳ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಅವರ ಕಾಲಿನಿಂದ ರಕ್ತ ಬರುತ್ತಿರುವುದನ್ನು ಅವಳೇ ಮೊದಲು ಕಂಡಳು. ಆಮೇಲೆ ಅವರ ಮುಖ ಕಂಡಳು. ಆಮೇಲೆ ಅವಳಿಗೆ ಮೆಲ್ಲಗೆ ಎಲ್ಲ ತಿಳಿಯಿತು...

ರಾತ್ರಿಯಾದ ಮೇಲೆ ಕರುಣಾ ಬಂದಳು. ಸುದ್ದಿ ಅವಳಿಗೆ ವಾಡಿಯಲ್ಲೇ ತಲುಪಿತ್ತು. ಸುದ್ದಿ ಕೇಳಿ ಕೆಲಸ ಬಿಟ್ಟು ಬಂದಿದ್ದ ಜಗದೇವಪ್ಪ ಅಂಗಳದಲ್ಲಿ ಕುಳಿತಿದ್ದ. "ಅಪ್ಪ, ಅವ್ವಗ ಹೇಳಿದ್ದಿಲ್ಲೇನು?" ಎಂದಳು.

"ಮರ್ತೆ ತಾಯಿ," ಎಂದ ಅವನು, ತಲೆ ಎತ್ತದೆ.

ಕರುಣಾ ಬಹಳ ಹೊತ್ತು ಅವನನ್ನೇ ನೋಡಿದಳು. ಅಪ್ಪನ ಮುಖ ಓದಲು ಮಗಳಿಗೆ ಯಾವ ಕಾಲೇಜೂ ಬೇಕಿಲ್ಲ. ಒಳಗೆ ಹೋದಳು. ಅನಸುಬಾಯಿ ಒಲೆಯ ಮುಂದೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಕರುಣಾ ಅವಳ ಎರಡೂ ಕೈ ಹಿಡಿದಳು. "ನಿಂದೇನೂ ತಪ್ಪಿಲ್ಲವ್ವ. ನಾ ಕಲಿಸಿದಂಗೇ ಮಾಡಿದಿ. ಹೇಳಿ ಹೋಗೋದು ನನ್ನ ಕೆಲಸಿತ್ತು, ನಾ ಮರ್ತು ಹೋದೆ."

"ಸುಳ್ಳು ಹೇಳಬ್ಯಾಡ. ನಾ ಅಡ್ಡನಾಡಿ, ಓದು ಬರದಾಕಿ... ನನ್ನ ಕೈಯಾರ ನಿನ್ನ ಬಾಳೇವು ಕೆಡಿಸಿದೆ," ಎಂದು ಆ ತಾಯಿ ಮಗಳ ಮಡಿಲಲ್ಲಿ ಬಿದ್ದು ಹೊರಳಿದಳು. ಹೊರಗೆ ಜಗದೇವಪ್ಪ ಎಲ್ಲವನ್ನೂ ಕೇಳುತ್ತಿದ್ದ. ಎದ್ದು ಒಳಗೆ ಬರಲಿಲ್ಲ.

ಒಮ್ಮೆ ಒಪ್ಪಿಕೊಳ್ಳದೆ ಬಿಟ್ಟ ಸೀಟಿಗೆ ಮುಂದಿನ ಸುತ್ತಿಲ್ಲ. ಮಾಸುಮಬಿ ಮೇಡಂ ಯಾರ್ಯಾರಿಗೋ ಅರ್ಜಿ ಬರೆದು ಸೋತು, ಕಡೆಗೆ ಮನೆಗೇ ಬಂದರು. "ಸೇಡಂದಾಗೇ ಬಿ.ಎಸ್ಸಿ.ಗೆ ಹಚ್ಚ್ರಿ. ನಾ ನೋಡ್ಕೋತೀನಿ," ಎಂದರು. ಅಂದು ಪುತಳಾಬಾಯಿಯೂ ಬಂದಿದ್ದಳು. ಕಾಲು ಅಷ್ಟು ಬೇಗ ಹೇಗೆ ವಾಸಿಯಾಯಿತೋ ಬುದ್ಧನೇ ಬಲ್ಲ.

"ಮೇಡಂ, ಸರಕಾರಿ ಸೀಟು ಅಂತ ಮಾತಾಗಿತ್ತು. ಅದು ಹೋತು. ಕಳದಾಕಿ ಹಡದ ತಾಯಿ, ನಾ ಅಲ್ಲ," ಎಂದಳು. ಆಮೇಲೆ ತಮ್ಮನತ್ತ ತಿರುಗಿ, "ಜಗ್ಗು, ನಿನ್ನ ಸಾಕಿದ್ದು ನಾನು. ಸಾಲಿಯ ಪುಸ್ತಕ ಅಲ್ಲ," ಎಂದಳು.

ಅತ್ತ ದರಿ, ಇತ್ತ ಪುಲಿ. ಜಗದೇವಪ್ಪ ನೆಲ ನೋಡಿದ. ಕರುಣಾಳಿಗೆ ಹದಿನೆಂಟು ತುಂಬಿ ಮೂರು ತಿಂಗಳಾಗಿತ್ತು. ದೀಪಾವಳಿಯ ಮುಂಚೆ ಅಕ್ಕಿಕಾಳು ಬಿದ್ದವು. ಪ್ರಬುದ್ಧ ಕೆಟ್ಟವನಲ್ಲ. ಮುಂದೆ ಓದಿಸುತ್ತೇನೆ ಎಂದೂ ಹೇಳಿದ. "ಮೊದಲು ಮನಿ ಕೆಲಸ ಕಲೀಲಿ," ಎಂದಳು ಪುತಳಾಬಾಯಿ. ಆ ಕಲಿಕೆ ಮುಗಿಯಲೇ ಇಲ್ಲ.

ವರ್ಷವಾಯಿತು. ಅನಸುಬಾಯಿ ಮನೆಯಲ್ಲಿ ಇದ್ದೂ ಇಲ್ಲದವಳಾದಳು. ಮಗಳ ಪುಸ್ತಕಗಳನ್ನು ದಿನಾ ಒರೆಸಿಡುತ್ತಿದ್ದಳು. ಫೋನಿನಲ್ಲಿದ್ದ ಆ ಸಂದೇಶವನ್ನು ಅಳಿಸಲು ಯಾರಿಗೂ ಬಿಡಲಿಲ್ಲ.

ಜೂನ್ ತಿಂಗಳು ಬಂತು, ಶಾಲೆಯಲ್ಲಿ ಮತ್ತೆ ಸಭೆ. ಕರೆಯದಿದ್ದರೂ ಅನಸುಬಾಯಿ ಹೋದಳು. ಹೆಂಡತಿ ಎಲ್ಲಿಗೆ ಹೊರಟಳೆಂದು ಹೆದರಿ ಜಗದೇವಪ್ಪ ಹಿಂದೆಯೇ ಹೋಗಿ ಬಾಗಿಲ ಬಳಿ ನಿಂತ. ಮಾಸ್ತರರು ಮೂರು ಕಲ್ಲಿನ ಮಾತು ಮುಗಿಸುವಷ್ಟರಲ್ಲಿ ಅವಳು ಎದ್ದು ನಿಂತಳು. ಜನ್ಮದಲ್ಲಿ ನಾಲ್ಕು ಮಂದಿಯೆದುರು ಮಾತಾಡಿದವಳಲ್ಲ.

"ಸರ್, ಆ ಸರದ ಕಲ್ಲು ನಾನೇರಿ," ಎಂದಳು. "ಯಕ್ಕಂದಿರಾ, ಮಕ್ಕಳು ಏನು ಅರ್ಜಿ ಹಾಕ್ಯಾರ, ಯಾವ ದಿನ ಯಾರ ಫೋನ್ ಬರ್ತದ, ಎಲ್ಲಾ ಕೇಳಿ ತಿಳ್ಕೋರಿ. ನಾ ಕೇಳಲಿಲ್ಲ. ಓದು ಬರದಾಕಿ ನಾ ಏನು ಕೇಳೋದು ಅಂತ ಸುಮ್ಮ ಇದ್ದೆ. ನನ್ನ ಮಗಳು ಈಗ ವಾಡಿಯೊಳಗ ರೊಟ್ಟಿ ಬಡ್ಯಾಕತ್ತಾಳ. ನನ್ನಂಥ ತಾಯಿ ಯಾರೂ..."

"ಸಾಕು." ಬಾಗಿಲ ಬಳಿಯಿಂದ ದನಿ ಬಂತು. ಜಗದೇವಪ್ಪ ಗೋಡೆ ಹಿಡಿದುಕೊಂಡಿದ್ದ. "ಅಕಿ ತಪ್ಪಲ್ರಿ ಅದು. ಮಗಳು ನನಗ ಹೇಳಿ ಹೋಗಿದ್ದಳು. ನಾ ಮರೀಲಿಲ್ಲ. ಮಧ್ಯಾಹ್ನ ಊಟಕ್ಕ ಕುಂತಾಗ ಮೂರು ಸಲ ಬಾಯಿತನಕ ಬಂತು. ಅಕ್ಕನ ಮುಖ ಕಣ್ಣ ಮುಂದ ಬಂತು. ಸೀಟು ಬ್ಯಾಡ ಅನ್ನಾಕ ಧೈರ್ಯ ಇಲ್ಲ, ಅಕ್ಕಗ ಇಲ್ಲ ಅನ್ನಾಕೂ ಧೈರ್ಯ ಇಲ್ಲ. ಇಕಿ ಇನ್ನೊಂದು ರೊಟ್ಟಿ ಹಾಕಿದಳು. ನಾ ರೊಟ್ಟಿ ತಿಂದೆ..."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ನುಂಗಿದ ಮಾತಿಗೆ ಹಿರಿಯರು ಗಾದೆ ಮಾಡಿಲ್ಲ. ಮೇಜಿನ ಮೇಲೆ ದಪ್ಪ ಪುಸ್ತಕ ತೆರೆದೇ ಇತ್ತು. ಅನಸುಬಾಯಿ ಗಂಡನನ್ನು ಒಮ್ಮೆ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಅವನ ಪಕ್ಕದಿಂದಲೇ ಹಾದು ಮನೆಗೆ ಬಂದು, ಒಲೆಯ ಮುಂದೆ ಕುಳಿತು ಮಗಳಿಗೆ ಫೋನು ಹಚ್ಚಿದಳು.

"ನಿಮ್ಮಪ್ಪನ ಸಂಗತಿ ನಿನಗ ಗೊತ್ತಿತ್ತಾ?"

ಆ ಕಡೆ ವಾಡಿ ಸ್ಟೇಷನ್ನಿನ ರೈಲೊಂದು ಕೂಗಿ ಹೋಯಿತು.

"ಗೊತ್ತಿತ್ತವ್ವ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಸೀಟು ತಿರುಗಿ ಬರ್ತಿತ್ತೇನು? ಸೀಟು ಹೋಗಿತ್ತು. ಅಪ್ಪನೂ ಹೋಗಬಾರದು ಅಂದ್ಕೊಂಡೆ... ನಿನಗ ಇಷ್ಟು ಸಂಕಟ ಆಗ್ತದ ಅಂತ ತಿಳೀಲಿಲ್ಲವ್ವ. ಅದೊಂದು ನನ್ನ ತಪ್ಪು."

ಹಿತ್ತಲ ಬಾಗಿಲ ಆಚೆ ಜಗದೇವಪ್ಪ ಬಂದು ಕುಳಿತದ್ದು ಅವಳಿಗೆ ಕೇಳಿಸಿತು. ಅವಳು ತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡಳು. ಸಂದೇಶ ತೆರೆದು ನೋಡುವ ಅಗತ್ಯ ಅವಳಿಗಿರಲಿಲ್ಲ.

"ಕರುಣಾ, ಹೇಳ್ತೀನಿ ತಗೋ. ನಾಕು... ಸೊನ್ನಿ... ಏಳು... ಏಳು... ಒಂದು..."

"ಇನ್ನೊಂದು ಅದ ಅವ್ವ," ಎಂದಳು ಮಗಳು ಮೆಲ್ಲಗೆ. "ಆರು ಅಂಕಿ ಅದಾವ."

"ಒಂಬತ್ತು."

"ಬರಕೊಂಡೆ ಅವ್ವ," ಎಂದಳು ಕರುಣಾ.